ರಜೆ ಇದ್ದರೆ ಅದು ಮಗಳದ್ದು

ಕೆಲಸಕ್ಕೆ ಹೋಗುವ ತಾಯಂದಿರು ನನ್ನ ಹತ್ತಿರ ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ನಾನು ಕೆಲಸ ಬಿಡಬೇಕಾ?" ಕೇಳುವಾಗಲೇ ಕಣ್ಣು ತುಂಬಿರುತ್ತದೆ. ಅವರಲ್ಲಿ ಒಬ್ಬರ ಪ್ರಕರಣವನ್ನು, ಅವರ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸು ಮೂವತ್ತು ದಾಟಿದೆ. ಒಬ್ಬಳೇ ಮಗಳು, ಆರು ವರ್ಷ. ಗಂಡನಿಗೂ ಕೆಲಸ, ಇಬ್ಬರ ಸಂಬಳ ಸೇರಿದರೇ ಮನೆ ನಡೆಯುವುದು. ಮಗು ಗೆಲುವಾಗಿದೆ, ನೋಡಿಕೊಳ್ಳುವವರೂ ನಂಬಿಕಸ್ಥರು. ಆದರೂ ಇವರಿಗೆ ನೆಮ್ಮದಿ ಇಲ್ಲ. ಮಗಳ ಜೊತೆ ಇರಲಾಗದ ಸಂದರ್ಭಗಳನ್ನೆಲ್ಲ ಫೋನಿನಲ್ಲಿ ಬರೆದಿಟ್ಟುಕೊಂಡಿದ್ದರು. ಮೊದಲ ಭೇಟಿಯಲ್ಲೇ ಆ ಪಟ್ಟಿ ತೋರಿಸಿದರು. ಜ್ವರ ಇದ್ದಾಗ ಬಿಟ್ಟು ಹೋದದ್ದು. ಶಾಲೆಯ ನಾಟಕ ತಪ್ಪಿದ್ದು. ಮೊದಲ ಹಾಲುಹಲ್ಲು ಬಿದ್ದಾಗ ಮನೆಯಲ್ಲಿ ಇಲ್ಲದಿದ್ದದ್ದು.

ಒಂದು ದಿನ ಮಾತಾಡುತ್ತಾ ಪದೇ ಪದೇ ಎಡಗೆನ್ನೆ ಒತ್ತಿಕೊಳ್ಳುತ್ತಿದ್ದರು. ಏನಾಯ್ತು ಅಂತ ಕೇಳಿದೆ. ದವಡೆ ಹಲ್ಲು ಹುಳುಕಾಗಿದೆ, ವರ್ಷದಿಂದ ಒಂದೇ ಬದಿಯಲ್ಲಿ ಅಗಿಯುತ್ತಿದ್ದೇನೆ ಅಂದರು. ಹಲ್ಲಿನ ಡಾಕ್ಟರು ರೂಟ್ ಕೆನಾಲ್ ಮಾಡಿಸಲೇಬೇಕು ಅಂದಿದ್ದರಂತೆ.

"ಮತ್ತೆ ಯಾಕೆ ಮಾಡಿಸಿಲ್ಲ?"

"ಅದಕ್ಕೆ ರಜೆ ಹಾಕಬೇಕು. ರಜೆ ಇದ್ದರೆ ಅದು ಮಗಳದ್ದು. ನನ್ನದಲ್ಲ."

ನಾನು ಏನೂ ಹೇಳಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಅವರೇ ಮುಂದುವರಿಸಿದರು. "ನಿಜ ಹೇಳಲಾ? ನೋವಿದ್ದರೆ ಒಂಥರಾ ಸಮಾಧಾನ. ಅವಳನ್ನು ಬಿಟ್ಟು ಬಂದು ನಾನೇನೂ ಆರಾಮಾಗಿಲ್ಲವಲ್ಲ ಅನ್ನಿಸುತ್ತೆ."

ಈ ಮಾತು ನನ್ನನ್ನು ಬಹಳ ಕಾಡಿತು. ಇಂಥದ್ದು ಇನ್ನೇನೇನು ಇದೆ ಅಂತ ಕೇಳಿದೆ. ನಿದ್ದೆ ಕಮ್ಮಿ ಮಾಡಿದ್ದರು. ಗೆಳತಿಯರಿಗೆ ಫೋನ್ ಮಾಡುವುದನ್ನು ಬಿಟ್ಟಿದ್ದರು. ಚಿಕ್ಕಂದಿನಿಂದ ಕಲಿತ ಹಾಡು ನಿಂತುಹೋಗಿತ್ತು. ಯಾರೂ ಬಿಡು ಅಂದಿರಲಿಲ್ಲ. ತಾವೇ ತಮಗೆ ದಂಡ ಹಾಕಿಕೊಂಡು, ತಾವೇ ಕಟ್ಟುತ್ತಿದ್ದರು.

"ಈ ದಂಡದಲ್ಲಿ ಮಗಳಿಗೆ ಏನು ಸಿಕ್ಕಿದೆ?" ಅಂದೆ.

ತುಂಬಾ ಹೊತ್ತು ಯೋಚಿಸಿದರು. "ಸಿಡುಕುವ ಅಮ್ಮ."

ಅಪರಾಧಿ ಭಾವ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ದಣಿವಿನಲ್ಲಿ ಮಗುವಿನ ಮೇಲೆ ಕಿರುಚಿದರೆ ಮನಸ್ಸು ಚುಚ್ಚಬೇಕು. ಅಲ್ಲೊಂದು ತಪ್ಪಿದೆ, ಕ್ಷಮೆ ಕೇಳಿದರೆ ಸರಿಹೋಗುತ್ತದೆ. ಮಗುವನ್ನು ನೋಡಿಕೊಳ್ಳುವ ಕಡೆ ಏನೋ ಸರಿಯಿಲ್ಲ ಅಂತ ಅಳುಕಿದರೆ ಅದನ್ನೂ ಪರೀಕ್ಷಿಸಲೇಬೇಕು. ಆದರೆ ದುಡಿಯಲು ಹೋಗುವುದೇ ತಪ್ಪು ಅಂದುಕೊಂಡರೆ ಎಷ್ಟು ದಂಡ ಕಟ್ಟಿದರೂ ಮುಗಿಯುವುದಿಲ್ಲ. ತಪ್ಪೇ ಇಲ್ಲದ ಮೇಲೆ ತೀರುವುದಾದರೂ ಏನು? ಅದೇ ಹೊತ್ತಿಗೆ ಮನೆ ಬಿಡುವ ಗಂಡನಿಗೆ ಈ ಸಂಕಟ ಇಲ್ಲ, ಯಾರೂ ಅವರನ್ನು ಕೇಳುವುದೂ ಇಲ್ಲ. ಇದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ.

ಅಮೆರಿಕದ ಸಂಶೋಧಕಿ ಎಲೆನ್ ಗ್ಯಾಲಿನ್ಸ್ಕಿ ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಕೇಳಿ 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಇವರಿಗೆ ಹೇಳಿದೆ. ಅಪ್ಪ ಅಮ್ಮನ ಕೆಲಸದಿಂದ ನಿಮ್ಮ ಮೇಲೆ ಆಗುವ ಪರಿಣಾಮದಲ್ಲಿ ಒಂದನ್ನು ಬದಲಿಸಬಹುದಾದರೆ ಏನು ಕೇಳುತ್ತೀರಿ, ಅನ್ನುವುದು ಪ್ರಶ್ನೆ. ಮಕ್ಕಳು ಹೆಚ್ಚು ಸಮಯ ಕೇಳುತ್ತಾರೆ ಅಂತ ಬಹಳಷ್ಟು ಪೋಷಕರು ಊಹಿಸಿದ್ದರು. ಆದರೆ ಅಮ್ಮನ ಸುಸ್ತು, ಒತ್ತಡ ಕಡಿಮೆಯಾಗಲಿ ಅಂತ ಕೇಳಿದ ಮಕ್ಕಳೇ ಜಾಸ್ತಿ. ಅಲ್ಲೇ 1991ರಲ್ಲಿ ಶುರುವಾಗಿ 1,300ಕ್ಕೂ ಹೆಚ್ಚು ಮಕ್ಕಳನ್ನು ವರ್ಷಗಟ್ಟಲೆ ಗಮನಿಸಿದ ಇನ್ನೊಂದು ದೊಡ್ಡ ಅಧ್ಯಯನದಲ್ಲೂ, ಮಗು ಬೇರೆಯವರ ಬಳಿ ಎಷ್ಟು ಗಂಟೆ ಇತ್ತು ಅನ್ನುವುದಕ್ಕಿಂತ ಮನೆಯ ವಾತಾವರಣ ಮತ್ತು ತಾಯಿ ಸ್ಪಂದಿಸುವ ರೀತಿ ಮಗುವಿನ ಬೆಳವಣಿಗೆಗೆ ಹೆಚ್ಚು ತಳುಕು ಹಾಕಿಕೊಂಡಿದ್ದವು.

ನಾನು ಕೊಟ್ಟ ಸಲಹೆಯಲ್ಲಿ ಮೊದಲನೆಯದು ಹಲ್ಲು. ರಜೆ ಹಾಕಿ, ಯಾಕೆ ಅಂತ ಮಗಳಿಗೂ ಹೇಳಿ ಅಂದೆ. ಫೋನಿನ ಪಟ್ಟಿಗೆ ಇನ್ನು ಸೇರಿಸಬೇಡಿ. ಸಂಜೆ ಬಂದ ಕೂಡಲೇ ಕಾಲು ಗಂಟೆ ಫೋನ್ ದೂರ ಇಟ್ಟು ಮಗಳ ಪಕ್ಕ ಕೂತುಕೊಳ್ಳಿ, ಅವಳು ಹೇಳಿದ ಆಟ ಆಡಿ. ಕೇಳಿದ್ದನ್ನೆಲ್ಲ ಕೊಡಿಸಿ ಸರಿದೂಗಿಸಲು ಹೋಗಬೇಡಿ.

ಗಂಡನನ್ನೂ ಕರೆಸಿದೆ. ಒಳ್ಳೆಯ ಮನುಷ್ಯ. "ಹೇಳಿದರೆ ಮಾಡ್ತೀನಿ ಮೇಡಂ" ಅಂದರು. ಆ "ಹೇಳಿದರೆ" ಅನ್ನುವುದೇ ತೊಂದರೆ. ಏನು ಆಗಬೇಕು, ಯಾವಾಗ ಆಗಬೇಕು ಅಂತ ನೆನಪಿಟ್ಟು ಹೇಳುವುದೂ ಒಂದು ದುಡಿಮೆ ಅಲ್ವಾ? ಶಾಲೆಗೆ ಸಂಬಂಧಿಸಿದ್ದು ಪೂರ್ತಿ ನಿಮ್ಮದು ಅಂದೆ. ಮೆಸೇಜ್ ಓದುವುದರಿಂದ ಹಿಡಿದು ಬ್ಯಾಗ್ ತುಂಬಿಸುವವರೆಗೆ.

ಕೆಲಸ ಬಿಡಿ ಅಂತ ಯಾಕೆ ಹೇಳಲಿಲ್ಲ ಎಂದು ಕೆಲವರು ನನ್ನನ್ನು ಕೇಳುತ್ತಾರೆ. ಮನಸ್ಸಾರೆ ಮನೆಯಲ್ಲಿರಲು ಬಯಸುವವರಿಗೆ, ಅದಕ್ಕೆ ಬೇಕಾದ ತಯಾರಿಗೆ ನಾನೇ ನೆರವಾಗಿದ್ದೇನೆ. ಇವರು ಬಯಸುತ್ತಿದ್ದುದು ಶಿಕ್ಷೆ. ಕೆಲಸ ಬಿಟ್ಟಿದ್ದರೆ ಅದು ಇನ್ನೂ ದೊಡ್ಡ ದಂಡವಾಗುತ್ತಿತ್ತು, ಸಂಕಟ ಮಾತ್ರ ಮನೆಯಲ್ಲೂ ಜೊತೆಗೇ ಇರುತ್ತಿತ್ತು. ನೀವು ತುಂಬಾ ಒಳ್ಳೆಯ ತಾಯಿ ಅಂತ ಬೆನ್ನು ತಟ್ಟಿ ಕಳಿಸಬಹುದಿತ್ತು. ಆ ಮಾತನ್ನು ಅವರಿಗೆ ಎಷ್ಟೋ ಜನ ಹೇಳಿಯಾಗಿತ್ತು. ಪ್ರಯೋಜನವಾಗಿರಲಿಲ್ಲ.

ರೂಟ್ ಕೆನಾಲ್ ಆಯಿತು. ಶುರುವಿನಲ್ಲೇ ಗಂಡ ಡ್ರಾಯಿಂಗ್ ಪುಸ್ತಕ ಹಾಕಲು ಮರೆತು ಮಗಳು ಶಾಲೆಯಲ್ಲಿ ಬೈಸಿಕೊಂಡಳು. ಇವರು ಗಾಬರಿಯಿಂದ ನನಗೆ ಫೋನ್ ಮಾಡಿ, ಶಾಲೆಯ ಜವಾಬ್ದಾರಿ ವಾಪಸ್ ತಗೊಳ್ಳಲಾ ಅಂದರು. ಬೇಡ, ಅವರು ಮರೆತದ್ದನ್ನು ಅವರೇ ಸರಿ ಮಾಡಲಿ ಅಂದೆ. ಮರುದಿನ ಗಂಡನೇ ಶಾಲೆಗೆ ಹೋಗಿ ಮಾತಾಡಿ ಬಂದರಂತೆ. ಹಾಡಿನ ಅಭ್ಯಾಸ ಇನ್ನೂ ಶುರುವಾಗಿಲ್ಲ. ಕೆಲಸ ಬಿಡುವ ಪ್ರಶ್ನೆಯನ್ನು ಅವರು ಪೂರ್ತಿ ಕೈಬಿಟ್ಟಿಲ್ಲ. ಅದನ್ನು ಮಾತಾಡಲು ಮುಂದಿನ ಭೇಟಿಗೆ ಇಬ್ಬರನ್ನೂ ಕರೆದಿದ್ದೇನೆ.