ಮನೆ ಮೇಲೆ, ಅಡಿಕೆ ತೋಟ ಕೆಳಗೆ: ಎಷ್ಟು ಕಿಲೋಮೀಟರ್ ಓಡುವ ಎಲೆಕ್ಟ್ರಿಕ್ ಗಾಡಿ ತೆಗೆದುಕೊಳ್ಳಬೇಕು?

ಹೆಬ್ರಿ ಕಡೆ ನಿಮ್ಮ ಅಡಿಕೆ ತೋಟ, ಮನೆ ಗುಡ್ಡೆಯ ಮೇಲೆ, ತೋಟ ಕೆಳಗೆ, ಗೊನೆ ಹೊರಲು ಜನ ಸಿಗುತ್ತಿಲ್ಲ ಅಂತ ಬರೆದಿದ್ದೀರಿ. ಅಮೆರಿಕದ ನಾಲ್ಕು ಚಕ್ರದ ಎಲೆಕ್ಟ್ರಿಕ್ ಗಾಡಿಗಳ ವಿಡಿಯೋ ನೋಡಿ, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುವ ಗಾಡಿ ಬೇಕು ಅಂತ ಕೇಳಿದ್ದೀರಿ. ನಮ್ಮ ತೋಟ ಪೆರ್ಡೂರು ಕಡೆ. ಜಾಗದ ಆಕಾರ ನಿಮ್ಮದರಂತೆಯೇ. ಬ್ಯಾಟರಿ ಗಾಡಿ ಬಂದ ಮೇಲೆ ತಲೆಹೊರೆ ಪೂರ್ತಿ ನಿಂತಿದೆ. ಹಾಗಾಗಿ ಧೈರ್ಯವಾಗಿ ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಕಿಲೋಮೀಟರ್ ನೋಡಿ ತೆಗೆದುಕೊಳ್ಳಬೇಡಿ. ನಿಮ್ಮ ತೋಟದ ಏರು ನೋಡಿ ತೆಗೆದುಕೊಳ್ಳಿ.

ಯಾಕೆ ಅಂತ ಲೆಕ್ಕ ಹಾಕೋಣ. ಗಾಡಿ 500 ಕಿಲೋ, ಹೊರೆ 300 ಕಿಲೋ, ಒಟ್ಟು 800 ಕಿಲೋ ಅಂದುಕೊಳ್ಳಿ. ತೋಟದಿಂದ ಅಂಗಳಕ್ಕೆ 20 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಅಷ್ಟು ಭಾರವನ್ನು ಅಷ್ಟು ಮೇಲೆ ಎತ್ತಲು ಬೇಕಾದ ಕರೆಂಟ್ 0.044 ಯೂನಿಟ್ ಮಾತ್ರ. ಕೆಸರಿನ ಎಳೆತ, ಮೋಟಾರಿನಲ್ಲಿ ಆಗುವ ನಷ್ಟ ಎಲ್ಲ ಸೇರಿಸಿದರೂ 0.07ರ ಹತ್ತಿರ. ಹತ್ತು ಸಲ ತುಂಬಿಸಿ ಹತ್ತಿಸಿದರೂ ಒಂದು ಯೂನಿಟ್ ಆಗುವುದಿಲ್ಲ. 48 ವೋಲ್ಟ್, 150 ಆಂಪಿಯರ್ ಅವರ್ ಬ್ಯಾಟರಿಯಲ್ಲಿ 7.2 ಯೂನಿಟ್ ಇರುತ್ತದೆ. ತೋಟದ ಒಂದು ದಿನದ ಕೆಲಸಕ್ಕೆ ಅದು ಧಾರಾಳ.

ಕಷ್ಟ ಇರುವುದು ಬೇರೆ ಕಡೆ. ನಾಲ್ಕು ಅಡಿ ಮುಂದೆ ಹೋದರೆ ಒಂದು ಅಡಿ ಮೇಲೇರುವ ದಾರಿ ನಮ್ಮಲ್ಲಿ ಸಾಮಾನ್ಯ. ಅಂಥ ದಾರಿಯಲ್ಲಿ, ಮಣ್ಣು ಸ್ವಲ್ಪ ಮೆತ್ತಗಿದ್ದಾಗ, ಅದೇ 800 ಕಿಲೋವನ್ನು ಗಂಟೆಗೆ 8 ಕಿಲೋಮೀಟರ್ ವೇಗದಲ್ಲಿ ಹತ್ತಿಸಲು ಚಕ್ರಕ್ಕೆ ಸುಮಾರು 6 ಕಿಲೋವ್ಯಾಟ್ ಬೇಕು. ಬ್ಯಾಟರಿಯಿಂದ 7 ಹೊರಡಬೇಕು. 48 ವೋಲ್ಟಿನಲ್ಲಿ ಅದು 145 ಆಂಪಿಯರ್ ಆಗುತ್ತದೆ. ಮಾರುವವರು ಹೇಳುವ ಪವರ್ ಹೆಚ್ಚಾಗಿ ಕೆಲವೇ ಸೆಕೆಂಡು ಸಿಗುವ ಪೀಕ್ ಪವರ್. ನೀವು ಕೇಳಬೇಕಾದ್ದು ನಿರಂತರ ಪವರ್ ಎಷ್ಟು ಅಂತ. ಜೊತೆಗೆ ಬ್ಯಾಟರಿಯ ಬಿಎಂಎಸ್, ಅಂದರೆ ಬ್ಯಾಟರಿಯನ್ನು ಕಾಯುವ ಎಲೆಕ್ಟ್ರಾನಿಕ್ ಸರ್ಕ್ಯೂಟ್, ಎಷ್ಟು ಆಂಪಿಯರಿಗೆ ಕಟ್ ಆಗುತ್ತದೆ ಅಂತಲೂ ಕೇಳಿ. ಇದನ್ನು ಯಾರೂ ತಾವಾಗಿ ಹೇಳುವುದಿಲ್ಲ.

ನಮ್ಮ ಪಕ್ಕದ ತೋಟದವರ ಗಾಡಿಯಲ್ಲಿ ಆದದ್ದು ಇದೇ. ಕೊಳೆರೋಗಕ್ಕೆ ಮದ್ದು ಬಿಡುವ ದಿನ. 200 ಲೀಟರಿನ ಡ್ರಮ್ಮಿನಲ್ಲಿ ಮೈಲುತುತ್ತು, ಸುಣ್ಣ ಸೇರಿದ ಬೋರ್ಡೋ ದ್ರಾವಣ ಕಲಸಿ ಇಟ್ಟಿದ್ದರು. ಅಂದರೆ ಬರೀ ದ್ರಾವಣವೇ 200 ಕಿಲೋ, ಮೇಲಿನಿಂದ ಅದರ ಓಲಾಟ ಬೇರೆ. ಆಚೆ ದಿಬ್ಬದ ತೋಟಕ್ಕೆ ಹತ್ತುವಾಗ ಅರ್ಧ ಏರಿನಲ್ಲಿ ಬಿಎಂಎಸ್ ಕಟ್ ಆಯಿತು. ಮೀಟರ್ ಕಪ್ಪು, ಆ್ಯಕ್ಸಿಲರೇಟರ್ ಒತ್ತಿದರೂ ಸದ್ದೇ ಇಲ್ಲ. ಗಾಡಿ ಮಾತ್ರ ಒಂದು ಇಂಚೂ ಹಿಂದೆ ಜಾರಲಿಲ್ಲ. ಅದರಲ್ಲಿ ವಿದ್ಯುತ್ಕಾಂತ ಬ್ರೇಕ್ ಇತ್ತು. ಈ ಬ್ರೇಕನ್ನು ಸ್ಪ್ರಿಂಗ್ ಸದಾ ಹಿಡಿದೇ ಇರುತ್ತದೆ, ಕರೆಂಟ್ ಬಂದರೆ ಮಾತ್ರ ಬಿಡುತ್ತದೆ. ಕರೆಂಟ್ ಹೋಯಿತೋ, ತಾನೇ ಕಚ್ಚಿಕೊಳ್ಳುತ್ತದೆ. ಹಿಂದೆ ಇಬ್ಬರು ಆಳುಗಳು ನಡೆದುಕೊಂಡು ಬರುತ್ತಿದ್ದರು. ಡೀಸೆಲ್ ಗಾಡಿಯನ್ನಾದರೆ ಗೇರಿನಲ್ಲಿ ಹಾಕಿ ನಿಲ್ಲಿಸಬಹುದು, ಎಂಜಿನ್ ಹಿಡಿದುಕೊಳ್ಳುತ್ತದೆ. ಆಫ್ ಮಾಡಿದ ಮೋಟಾರಿಗೆ ಆ ಹಿಡಿತ ಇಲ್ಲ. ಹಾಗಾಗಿ ಈ ಬ್ರೇಕ್ ಇಲ್ಲದ ಗಾಡಿಯನ್ನು, ಎಷ್ಟೇ ಕಡಿಮೆ ಬೆಲೆಗೆ ಸಿಕ್ಕಿದರೂ, ಗುಡ್ಡೆ ತೋಟಕ್ಕೆ ದಯವಿಟ್ಟು ತರಬೇಡಿ.

ಇಳಿಯುವಾಗಿನ ವಿಷಯ ಇನ್ನೂ ಸೂಕ್ಷ್ಮ. ಒಳ್ಳೆಯ ಕಂಟ್ರೋಲರ್ (ಮೋಟಾರಿನ ಕರೆಂಟನ್ನು ನಿಯಂತ್ರಿಸುವ ಪೆಟ್ಟಿಗೆ) ಇದ್ದರೆ ಇಳಿಯುವಾಗ ಮೋಟಾರೇ ಗಾಡಿಯನ್ನು ಹಿಡಿದು, ಸ್ವಲ್ಪ ಕರೆಂಟನ್ನು ಬ್ಯಾಟರಿಗೆ ವಾಪಸ್ ಕಳಿಸುತ್ತದೆ. ಆದರೆ ಬ್ಯಾಟರಿ ತುಂಬಿದ್ದರೆ ಆ ಕರೆಂಟಿಗೆ ಜಾಗ ಇರುವುದಿಲ್ಲ, ಹಾಗಾಗಿ ಹಿಡಿತ ಕಡಿಮೆಯಾಗುತ್ತದೆ ಅಥವಾ ಇಲ್ಲವಾಗುತ್ತದೆ. ನಿಮ್ಮ ಮನೆ ಮೇಲೆ, ಚಾರ್ಜಿಂಗ್ ಮನೆಯಲ್ಲಿ, ಬೆಳಿಗ್ಗೆ ಮೊದಲ ಕೆಲಸವೇ ಇಳಿಯುವುದು ಅಲ್ವಾ? ಅದಕ್ಕೇ ನಾವು ಲಿಥಿಯಂ ಬ್ಯಾಟರಿಯನ್ನು ದಿನಾ ಪೂರ್ತಿ ತುಂಬಿಸುವುದಿಲ್ಲ, ಶೇಕಡಾ 90ರ ಹತ್ತಿರ ನಿಲ್ಲಿಸುತ್ತೇವೆ. ಅಪರೂಪಕ್ಕೊಮ್ಮೆ ಪೂರ್ತಿ ತುಂಬಿಸಬೇಕು, ಸೆಲ್‌ಗಳು ಸಮ ಆಗಲು. ಅವತ್ತು ಕಾಲಿನ ಬ್ರೇಕ್ ನಂಬಿ ನಿಧಾನ ಇಳಿಯಬೇಕು.

ಬ್ಯಾಟರಿ ಲೆಡ್ ಆಸಿಡ್ ಬೇಕೋ ಲಿಥಿಯಂ ಬೇಕೋ ಅಂತಲೂ ಕೇಳಿದ್ದೀರಿ. ನನ್ನ ಮಟ್ಟಿಗೆ ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. ಲೆಡ್ ಬ್ಯಾಟರಿಯನ್ನು ಅರ್ಧಕ್ಕಿಂತ ಕೆಳಗೆ ಇಳಿಸುತ್ತಾ ಹೋದರೆ ಬೇಗ ಸಾಯುತ್ತದೆ. ಏರಿನಲ್ಲಿ ಜಾಸ್ತಿ ಕರೆಂಟ್ ಎಳೆದಾಗ ಅದರ ಸಾಮರ್ಥ್ಯವೇ ಕುಗ್ಗುತ್ತದೆ. ಭಾರವೂ ಹೆಚ್ಚು, ಡಿಸ್ಟಿಲ್ಡ್ ವಾಟರ್ ಹಾಕುವ ಕೆಲಸ ಬೇರೆ. ಮಳೆಗಾಲದಲ್ಲಿ ಗಾಡಿ ಸುಮ್ನೆ ನಿಂತಾಗ ಲೆಡ್ ಬ್ಯಾಟರಿ ತುಂಬಿಯೇ ಇರಬೇಕು, ಇಲ್ಲದಿದ್ದರೆ ಒಳಗೆ ಸಲ್ಫೇಟ್ ಕಟ್ಟುತ್ತದೆ. ಎಲ್‌ಎಫ್‌ಪಿಗೆ ಇದು ತಿರುಗುಮುರುಗು, ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಒಳ್ಳೆಯದು. ಈಗಲೇ ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಚಿಕ್ಕ ಎಲ್‌ಎಫ್‌ಪಿ ಹಾಕಿಸಿ. ಆದರೆ ಚಿಕ್ಕದು ಅಂತ ಆಂಪಿಯರ್ ವಿಷಯದಲ್ಲಿ ರಾಜಿ ಮಾಡಬೇಡಿ.

ನೀವು ಹೆಸರು ಹೇಳಿದ ಪೊಲಾರಿಸ್ ರೇಂಜರ್ ಎಕ್ಸ್‌ಪಿ ಕೈನೆಟಿಕ್ 2021ರ ಡಿಸೆಂಬರಿನಲ್ಲಿ ಪ್ರಕಟವಾದ ಗಾಡಿ. 110 ಎಚ್‌ಪಿ, ಬ್ಯಾಟರಿ 14.9 ಅಥವಾ 29.8 ಯೂನಿಟ್, ಕಂಪನಿ ಹೇಳುವ ಓಟ ಸುಮಾರು 72 ಮತ್ತು 129 ಕಿಲೋಮೀಟರ್. ಅಲ್ಲಿನ ನೂರಾರು ಎಕರೆ ಜಮೀನಿಗೆ ಅದು ಸರಿ. ನಮ್ಮ ತೋಟದಲ್ಲಿ ಅಡಿಕೆ ಮರದಿಂದ ಮರಕ್ಕೆ 9 ಅಡಿ, ಅದರ ನಡುವೆ ಕಣಿ, ಡ್ರಿಪ್ ಪೈಪ್. ಐದು ಅಡಿ ಅಗಲದ ಗಾಡಿ ಸಾಲಿನಲ್ಲಿ ನುಗ್ಗಬಹುದು, ತಿರುಗಲು ಜಾಗ ಎಲ್ಲಿ? ತೋಡಿಗೆ ಹಾಕಿದ ಸಂಕ ಅದರ ಭಾರ ತಡೆಯುತ್ತದೆಯೇ? ಮೂರೂವರೆ ಅಡಿ ಅಗಲ, ಹಿಂದೆ ಮಗುಚುವ ತೊಟ್ಟಿ, ನಿಧಾನ ಗೇರು, ಆಳವಾದ ಹಲ್ಲಿನ ಟಯರ್ ಇದ್ದರೆ ನಮಗೆ ಸಾಕು. ಪುತ್ತೂರಿನ ಕೃಷಿಯಂತ್ರ ಮೇಳದಲ್ಲಿ ಅಂಥವನ್ನು ನೋಡಬಹುದು. ಡಿಫರೆನ್ಷಿಯಲ್ ಲಾಕ್ ಇದೆಯೇ ನೋಡಿ. ಜುಲೈಯಲ್ಲಿ ಮುರಕಲ್ಲಿನ ದಾರಿಗೆ ಪಾಚಿ ಹಿಡಿದಾಗ ಒಂದು ಚಕ್ರ ಸುಮ್ನೆ ತಿರುಗುತ್ತದೆ, ಇನ್ನೊಂದು ಅಲ್ಲಾಡುವುದೇ ಇಲ್ಲ. ಲಾಕ್ ಇದ್ದರೆ ಎರಡೂ ಒಟ್ಟಿಗೆ ತಳ್ಳುತ್ತವೆ.

ಮಳೆ ಬಗ್ಗೆ ಹೆದರಬೇಡಿ, ಆದರೆ ಕೇಳಿ ತಿಳಿದುಕೊಳ್ಳಿ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಸುರಿಯುವ ಊರು ನಮ್ಮದು. ಮೋಟಾರು, ಕಂಟ್ರೋಲರ್, ಬ್ಯಾಟರಿ ಮೂರಕ್ಕೂ ಐಪಿ67 ಇರಲಿ. ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ಒಳಗೆ ನೀರು ಹೋಗಬಾರದು ಅನ್ನುವುದು ಅದರ ಅರ್ಥ. ಆದರೆ ಪ್ರೆಷರ್ ವಾಷರಿನ ನೀರಿಗೆ ಅದು ರಕ್ಷಣೆ ಅಲ್ಲ. ಕೆಸರಾದ ಗಾಡಿಯನ್ನು ಮಾಮೂಲಿ ಪೈಪಿನಲ್ಲಿ ತೊಳೆಯಿರಿ. ಮೈಲುತುತ್ತು ಚೆಲ್ಲಿದರೆ ಅವತ್ತೇ ತೊಳೆಯಲೇಬೇಕು. ಕಬ್ಬಿಣ, ಅಲ್ಯೂಮಿನಿಯಂ ಎರಡನ್ನೂ ಅದು ತಿನ್ನುತ್ತದೆ. ಟರ್ಮಿನಲ್ಲಿನ ಬೋಲ್ಟ್ ಸಡಿಲವಾದರೆ, ಮೇಲೆ ಹೇಳಿದ 145 ಆಂಪಿಯರ್ ಹರಿಯುವಾಗ ಅಲ್ಲಿಯೇ ಬಿಸಿಯಾಗಿ ಕರಗುತ್ತದೆ. ಆಗಾಗ ಏರು ಹತ್ತಿಸಿ, ಆಫ್ ಮಾಡಿ, ಕೇಬಲ್ ಸಿಪ್ಪೆಯ ಮೇಲೆ ಕೈ ಇಟ್ಟು ನೋಡಿ. ಒಂದು ಕೇಬಲ್ ಮಾತ್ರ ಬಿಸಿ ಇದ್ದರೆ ಅದರ ಬೋಲ್ಟ್ ಬಿಗಿ ಮಾಡಿಸಬೇಕು. ಹುಲ್ಲಿನ ಕೊಟ್ಟಿಗೆಯಲ್ಲಿ ನಿಲ್ಲಿಸುವುದಾದರೆ ಇಲಿಗಳು ವೈರು ಕಡಿಯುತ್ತವೆ. ವೈರಿಗೆಲ್ಲ ಗಟ್ಟಿ ಪೈಪು ಹಾಕಿಸಿಬಿಡಿ.

ಚಾರ್ಜಿಂಗ್ ಮನೆ ಮೀಟರಿನಿಂದಲೇ ಮಾಡಿ. ಪಂಪ್‌ಸೆಟ್ಟಿನ ಉಚಿತ ಕರೆಂಟ್ ಕೊಟ್ಟಿರುವುದು ನೀರೆತ್ತಲು. ಅದರಿಂದ ಗಾಡಿ ಚಾರ್ಜ್ ಮಾಡಿದರೆ 2003ರ ವಿದ್ಯುತ್ ಕಾಯ್ದೆಯ 126ನೇ ಸೆಕ್ಷನ್ ಪ್ರಕಾರ ಅನಧಿಕೃತ ಬಳಕೆ ಆಗುತ್ತದೆ, ಮೆಸ್ಕಾಂ ದಂಡ ಹಾಕಬಹುದು. ಗೃಹಜ್ಯೋತಿಯಲ್ಲಿದ್ದರೆ ತಿಂಗಳಿಗೆ 200 ಯೂನಿಟ್ ದಾಟದಂತೆ ನೋಡಿಕೊಳ್ಳಿ, ದಾಟಿದರೆ ಪೂರ್ತಿ ಬಿಲ್ ಬರುತ್ತದೆ. 16 ಆಂಪಿಯರ್ ಪವರ್ ಪ್ಲಗ್, ಒಳ್ಳೆಯ ಅರ್ತಿಂಗ್, 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಕಟ್ ಮಾಡುವ ಸ್ವಿಚ್) ಮೂರೂ ಬೇಕು. ಸಂಜೆ ಸಿಡಿಲು ಶುರುವಾದರೆ ಪ್ಲಗ್ ತೆಗೆದುಬಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು.

ರಸ್ತೆ ದಾಟಿ ಆಚೆ ತೋಟಕ್ಕೆ ಹೋಗಬಹುದಾ ಅಂತ ಕೊನೆಯಲ್ಲಿ ಕೇಳಿದ್ದೀರಿ. ಜಾಗದ ಒಳಗೆ ಮಾತ್ರ ಓಡಿಸಲು ಮಾಡಿದ, ನೋಂದಣಿ ಇಲ್ಲದ ಗಾಡಿಯನ್ನು ಪಂಚಾಯತ್ ರಸ್ತೆಗೂ ಇಳಿಸುವಂತಿಲ್ಲ. ಏನಾದರೂ ಅಪಘಾತವಾದರೆ ವಿಮೆಯೂ ಇರುವುದಿಲ್ಲ. ದಿನಾ ರಸ್ತೆ ಬಳಸಬೇಕು ಅಂತಿದ್ದರೆ ಹಸಿರು ನಂಬರ್ ಪ್ಲೇಟಿನ ಗೂಡ್ಸ್ ಎಲೆಕ್ಟ್ರಿಕ್ ರಿಕ್ಷಾ ನೋಡಿ. ಆದರೆ ಮಳೆಯಲ್ಲಿ ಅದು ತೋಟದ ಏರು ಹತ್ತುವ ಗಾಡಿಯಲ್ಲ.

ದುಡ್ಡು ಕೊಡುವ ಮೊದಲು ಗಾಡಿಯನ್ನು ನಿಮ್ಮ ತೋಟಕ್ಕೇ ತರಿಸಿ. 300 ಕಿಲೋ ಹೇರಿ, ಅತಿ ಕಡಿದಾದ ಜಾಗದಲ್ಲಿ ಅರ್ಧಕ್ಕೆ ನಿಲ್ಲಿಸಿ, ಕೀ ಆಫ್ ಮಾಡಿಸಿ. ಹಿಂದೆ ಯಾರೂ ನಿಲ್ಲಬಾರದು. ಆಮೇಲೆ ಅಲ್ಲಿಂದಲೇ ಮೇಲೆ ಹತ್ತಿಸಲು ಹೇಳಿ. ಇದಕ್ಕೆ ಒಪ್ಪದವರ ಹತ್ತಿರ ತೆಗೆದುಕೊಳ್ಳಬೇಡಿ. ನಿಮ್ಮ ದಾರಿಯ ಉದ್ದ, ಏರು, ಒಂದು ಸಲಕ್ಕೆ ಹೇರುವ ಭಾರ ಇಲ್ಲಿ ಬರೆದರೆ ಎಷ್ಟು ಕಿಲೋವ್ಯಾಟ್ ಮೋಟಾರ್ ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.