ಯಾರ ಹೊರೆ ಯಾರ ಹೆಗಲಿಗೆ

ಮಾನ್ಯರೇ,

‘ರೋಗಿ ಕೇಂದ್ರಿತ ಎಚ್‌ಐವಿ ಚಿಕಿತ್ಸೆ: ಜಗತ್ತಿನ ಮುಂದಿರುವ ದಾರಿ’ ಎಂಬ ನಿಮ್ಮ ಲೇಖನವನ್ನು ಪೂರ್ತಿಯಾಗಿ ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಆಗುವುದಿಲ್ಲ. ವಿಷಯವನ್ನು ಮಾತ್ರ ಕೈಬಿಡಬೇಡಿ ಎಂದು ಕೇಳಿಕೊಳ್ಳುವ ಸಲುವಾಗಿಯೇ ಈ ಪತ್ರವನ್ನು ಸ್ವಲ್ಪ ದೀರ್ಘವಾಗಿ ಬರೆಯುತ್ತಿದ್ದೇನೆ.

ಲೇಖನದ ಮೊದಲ ಅರ್ಧದಲ್ಲಿ, ಸೇವೆಗಳು ರೋಗಿಯ ಅಗತ್ಯಕ್ಕೆ ತಕ್ಕಂತೆ ಇರಬೇಕು ಎಂಬ ಒಂದೇ ಮಾತು ನಾನಾ ವೇಷಗಳಲ್ಲಿ ಬಂದುಹೋಗುತ್ತದೆ. ಅದನ್ನು ಅಲ್ಲಗಳೆಯುವವರು ಯಾರೂ ಇಲ್ಲ, ಆದ್ದರಿಂದ ಅದನ್ನು ಸಾಧಿಸಿ ತೋರಿಸುವ ಶ್ರಮವೂ ಬೇಕಿಲ್ಲ. ಓದುಗರಿಗೆ ಬೇಕಾಗಿರುವುದು, ಈ ಪ್ರಶ್ನೆ ಎದ್ದದ್ದಾದರೂ ಏಕೆ ಎಂಬ ವಿವರಣೆ. ಅದು ನಿಮ್ಮಲ್ಲಿ ಎಲ್ಲಿಯೂ ಇಲ್ಲ. ಮೊದಲ ವರ್ಷಗಳಲ್ಲಿ ಸರ್ಕಾರಿ ಚಿಕಿತ್ಸಾ ಕೇಂದ್ರಗಳಿಗೆ ಬರುತ್ತಿದ್ದವರಲ್ಲಿ ಬಹುಪಾಲು ಜನ ರೋಗನಿರೋಧಕ ಶಕ್ತಿ ತೀರಾ ಕುಸಿದವರು. ಅವರನ್ನು ತಿಂಗಳಿಗೊಮ್ಮೆ ವೈದ್ಯರು ನೋಡಲೇಬೇಕಿತ್ತು. ಔಷಧಿ ಫಲ ಕೊಟ್ಟಿತು, ಜನ ಚೇತರಿಸಿಕೊಂಡು ದುಡಿಮೆಗೆ ಮರಳಿದರು. ಸೋಂಕು ದೃಢಪಟ್ಟ ಎಲ್ಲರಿಗೂ ಚಿಕಿತ್ಸೆ ಆರಂಭಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದ ಮೇಲೆ ಆರೋಗ್ಯವಾಗಿಯೇ ಇರುವವರೂ ಅದೇ ಸಾಲಿಗೆ ಸೇರಿದರು. ದಿನಕ್ಕೊಂದು ಮಾತ್ರೆಯನ್ನು ತಪ್ಪದೆ ನುಂಗುತ್ತ ಸುಖವಾಗಿರುವ ಮನುಷ್ಯ, ತಿಂಗಳಿಗೊಮ್ಮೆ ಕೂಲಿ ಬಿಟ್ಟು, ಬಸ್ ಹತ್ತಿ, ಅರ್ಧ ದಿನ ಕಾದು, ಎರಡು ನಿಮಿಷದ ಭೇಟಿಗಾಗಿ ಬರಬೇಕಾದ ಸ್ಥಿತಿ ಹುಟ್ಟಿದ್ದು ಹೀಗೆ. ಇದು ಚಿಕಿತ್ಸೆ ಗೆದ್ದದ್ದರಿಂದಲೇ ಬಂದ ಸಂಕಟ ಎಂಬುದನ್ನು ಹೇಳದೆ ಮುಂದಿನದೇನೂ ಅರ್ಥವಾಗುವುದಿಲ್ಲ.

ಇನ್ನು ಉದಾಹರಣೆಗಳ ವಿಚಾರ. ಏಳೆಂಟು ದೇಶಗಳನ್ನು ಹೆಸರಿಸಿ ಪ್ರತಿಯೊಂದಕ್ಕೂ ಒಂದೊಂದು ಸಾಲು ಕೊಟ್ಟಿದ್ದೀರಿ. ಮೊಜಾಂಬಿಕ್‌ನ ಟೆಟೆ ಪ್ರಾಂತ್ಯ ನಿಮ್ಮಲ್ಲಿ ‘ಸಮುದಾಯದ ಸಹಭಾಗಿತ್ವ’ ಎಂಬ ಎರಡು ಪದಗಳಲ್ಲಿ ಮುಗಿದುಹೋಗಿದೆ. ಅಲ್ಲಿ ನಡೆದದ್ದಾದರೋ ಒಂದು ಇಡೀ ಲೇಖನಕ್ಕೆ ಸಾಲುವಷ್ಟಿದೆ. 2008ರಲ್ಲಿ ಎಂಎಸ್‌ಎಫ್ ಎಂಬ ಅಂತಾರಾಷ್ಟ್ರೀಯ ವೈದ್ಯರ ಸಂಸ್ಥೆ ಮತ್ತು ಪ್ರಾಂತ್ಯದ ಆರೋಗ್ಯ ಇಲಾಖೆ ಸೇರಿ, ಚಿಕಿತ್ಸೆಯಲ್ಲಿ ಸ್ಥಿರವಾಗಿದ್ದವರಿಗೆ ಆರು ಜನರ ಮಿತಿಯೊಳಗೆ ಗುಂಪು ಕಟ್ಟಿಕೊಳ್ಳುವ ಅವಕಾಶ ಕೊಟ್ಟವು. ತಿಂಗಳಿಗೊಬ್ಬರು ಸರದಿಯಂತೆ ದೂರದ ಆರೋಗ್ಯ ಕೇಂದ್ರಕ್ಕೆ ಹೋಗಿ ಎಲ್ಲರ ಮಾತ್ರೆಗಳನ್ನೂ ತರುತ್ತಾರೆ. ಹೊರಡುವ ಮುನ್ನ ಗುಂಪು ಒಂದೆಡೆ ಸೇರಿ, ಯಾರ ಬಳಿ ಎಷ್ಟು ಮಾತ್ರೆ ಉಳಿದಿದೆ ಎಂದು ಎಣಿಸಿ ಚೀಟಿಯಲ್ಲಿ ಬರೆಯುತ್ತದೆ. ಹೋದವರು ಅಂದೇ ತಮ್ಮ ತಪಾಸಣೆಯನ್ನೂ ಮಾಡಿಸಿಕೊಳ್ಳುತ್ತಾರೆ. ಹೀಗೆ ಆರು ತಿಂಗಳಿಗೊಮ್ಮೆ ಪ್ರತಿಯೊಬ್ಬರೂ ವೈದ್ಯಕೀಯ ಸಿಬ್ಬಂದಿಯ ಕಣ್ಣಿಗೆ ಬಿದ್ದಂತಾಗುತ್ತದೆ. ನಮ್ಮ ಹಳ್ಳಿಗಳ ‘ಮುಯ್ಯಾಳು’ ಪದ್ಧತಿಯನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಲೇಖನದಲ್ಲಿ ನನ್ನನ್ನು ಹೆಚ್ಚು ತಡೆದು ನಿಲ್ಲಿಸಿದ್ದು ದಕ್ಷಿಣ ಆಫ್ರಿಕಾದ ಕುರಿತ ವಾಕ್ಯ: ‘ಕ್ಲಬ್‌ಗಳಲ್ಲಿ ಶೇ. 97ರಷ್ಟು ಜನ ಚಿಕಿತ್ಸೆಯಲ್ಲಿ ಉಳಿದರು, ಇದು ರೋಗಿ ಕೇಂದ್ರಿತ ವ್ಯವಸ್ಥೆಯ ಜಯ.’ ಅಂಕಿ ಸರಿಯಾಗಿಯೇ ಇದೆ. ಕೇಪ್‌ಟೌನ್‌ನ ಅಂಚಿನ ಖಾಯೆಲಿಟ್ಷಾದಲ್ಲಿ 2007ರಲ್ಲಿ ಆರಂಭವಾದ ಈ ಕ್ಲಬ್‌ಗಳಲ್ಲಿ 25ರಿಂದ 30 ಜನ ಎರಡು ತಿಂಗಳಿಗೊಮ್ಮೆ ಸೇರುತ್ತಿದ್ದರು. ತರಬೇತಿ ಪಡೆದ ಸಾಮಾನ್ಯ ಕಾರ್ಯಕರ್ತರೊಬ್ಬರು ತೂಕ ನೋಡಿ, ತೊಂದರೆಗಳನ್ನು ವಿಚಾರಿಸಿ, ಮೊದಲೇ ಕಟ್ಟಿಟ್ಟ ಔಷಧಿಯ ಪೊಟ್ಟಣಗಳನ್ನು ಹಂಚಿ ಒಂದು ತಾಸಿನೊಳಗೆ ಕಳಿಸಿಕೊಡುತ್ತಿದ್ದರು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಕ್ಲಬ್ ಸೇರಿದವರಲ್ಲಿ ಶೇ. 97, ಕ್ಲಿನಿಕ್ಕಿನಲ್ಲೇ ಮುಂದುವರಿದವರಲ್ಲಿ ಶೇ. 85 ಮಂದಿ ಚಿಕಿತ್ಸೆಯಲ್ಲಿ ಉಳಿದಿದ್ದರು. ಆದರೆ ಕ್ಲಬ್‌ಗೆ ಸೇರಿಸಿಕೊಂಡದ್ದು ಅದಾಗಲೇ ಮಾತ್ರೆ ತಪ್ಪಿಸದೆ, ರಕ್ತದಲ್ಲಿ ವೈರಾಣುವಿನ ಪ್ರಮಾಣವನ್ನು ಹತೋಟಿಯಲ್ಲಿಟ್ಟುಕೊಂಡವರನ್ನು. ಚೀಟಿ ಎತ್ತಿ ಆರಿಸಿದವರಲ್ಲ. ಅಧ್ಯಯನಕಾರರು ಲೆಕ್ಕಾಚಾರದಲ್ಲಿ ಈ ವ್ಯತ್ಯಾಸವನ್ನು ಸರಿದೂಗಿಸಲು ಯತ್ನಿಸಿದ್ದಾರೆ, ಕ್ಲಬ್‌ಗಳಿಂದ ಅನುಕೂಲವಾಗಿದೆ ಎಂಬುದರಲ್ಲಿ ನನಗೂ ಅನುಮಾನವಿಲ್ಲ. ಆದರೂ ಗೆಲ್ಲುವ ಸಂಭವ ಹೆಚ್ಚಿದ್ದವರ ಗೆಲುವನ್ನು ಇಡೀ ವ್ಯವಸ್ಥೆಯ ಗೆಲುವೆಂದು ಬರೆಯುವಾಗ, ಕ್ಲಬ್‌ನ ಬಾಗಿಲಿನಾಚೆ ಉಳಿದವರಿಗೆ ಏನಾಯಿತು ಎಂದು ಕೇಳಬೇಕಾದದ್ದು ಲೇಖಕರ ಕೆಲಸ. ಆರೋಗ್ಯವಂತರು ಸಾಲಿನಿಂದ ಹೊರಬಂದದ್ದರಿಂದ ದಾದಿಯರಿಗೆ ಸಿಕ್ಕ ಸಮಯ ನಿಜಕ್ಕೂ ಕಾಯಿಲೆ ಬಿದ್ದವರ ಪಾಲಿಗೆ ಬಂತೇ? ಈ ಒಂದು ಪ್ರಶ್ನೆಯನ್ನು ಹಿಡಿದು ಹೊರಟರೂ ಲೇಖನಕ್ಕೆ ಬೆನ್ನುಮೂಳೆ ಬರುತ್ತದೆ.

ದೇಶದಾದ್ಯಂತ ವಿಸ್ತರಣೆ ಎಂದಾಗ ನೀವು ‘ರಾಜಕೀಯ ಇಚ್ಛಾಶಕ್ತಿ’ಯ ಮೊರೆ ಹೋಗುತ್ತೀರಿ. ಉಗ್ರಾಣದ ಕಡೆಗೂ ಒಮ್ಮೆ ನೋಡಿ. ತಿಂಗಳ ಔಷಧಿಯ ಬದಲು ಮೂರು ಅಥವಾ ಆರು ತಿಂಗಳಿನದನ್ನು ಒಟ್ಟಿಗೆ ಕೊಡಲು ಹೊರಟರೆ ವರ್ಷದ ಒಟ್ಟು ಖರೀದಿ ಹೆಚ್ಚುವುದಿಲ್ಲ, ಆದರೆ ಆರಂಭದಲ್ಲೇ ದೊಡ್ಡ ದಾಸ್ತಾನು ಬೇಕು; ಅದು ಇಲ್ಲದ ಕಡೆ ಕೆಲವರಿಗೆ ಆರು ತಿಂಗಳ ಮಾತ್ರೆ ಸಿಕ್ಕಿ ಉಳಿದವರು ಬರಿಗೈಯಲ್ಲಿ ಮರಳುವ ಅಪಾಯವಿದೆ. ಔಷಧಿ ಚೀಟಿ ಎಷ್ಟು ಕಾಲ ಊರ್ಜಿತ ಎಂಬ ಕಾನೂನೂ ಅಡ್ಡ ಬರುತ್ತದೆ: ದಕ್ಷಿಣ ಆಫ್ರಿಕಾದಲ್ಲಿ ಆರು ತಿಂಗಳಿದ್ದ ಆ ಅವಧಿಯನ್ನು 2020ರ ಕೋವಿಡ್ ಕಾಲದಲ್ಲಿ ಹನ್ನೆರಡಕ್ಕೆ ಏರಿಸಬೇಕಾಯಿತು. ಇನ್ನು ಸಾಮಾನ್ಯ ಕಾರ್ಯಕರ್ತರ ಸಂಬಳ ಹಲವೆಡೆ ವಿದೇಶಿ ನೆರವಿನಿಂದ ಬರುತ್ತಿತ್ತು. 2025ರ ಜನವರಿಯಲ್ಲಿ ಅಮೆರಿಕ ತನ್ನ ನೆರವನ್ನು ಏಕಾಏಕಿ ತಡೆಹಿಡಿದಾಗ ಇಂಥ ಹುದ್ದೆಗಳಿಗೇ ಮೊದಲು ಕುತ್ತು ಬಂತು. ಇದನ್ನು ಬಿಟ್ಟು ಬರೆದ ‘ಮುಂದಿನ ದಾರಿ’ಯನ್ನು ಯಾರೂ ನಂಬುವುದಿಲ್ಲ.

ಚಿಕಿತ್ಸೆ ಮನೆಯ ಹತ್ತಿರ ಸಿಕ್ಕಷ್ಟೂ ಒಳ್ಳೆಯದು ಎಂದು ನೀವು ಧರಿಸಿಕೊಂಡಂತಿದೆ. ಎಆರ್‌ಟಿ, ಅಂದರೆ ಎಚ್‌ಐವಿ ಚಿಕಿತ್ಸಾ ಕೇಂದ್ರದ ಔಷಧಿಯನ್ನು ಹತ್ತಿರದಲ್ಲೇ ಕೊಡುವ ಲಿಂಕ್ ಎಆರ್‌ಟಿ ಕೇಂದ್ರ ತಾಲ್ಲೂಕಿಗೇ ಬಂದಿದ್ದರೂ, ಗುರುತಿನವರ ಕಣ್ಣು ತಪ್ಪಿಸಲು ಬೇರೆ ಜಿಲ್ಲೆಯ ಎಆರ್‌ಟಿ ಕೇಂದ್ರಕ್ಕೆ ಹೋಗುವವರು ನಮ್ಮಲ್ಲಿಯೂ ಇದ್ದಾರೆ. ಟೆಟೆಯ ಗುಂಪಿಗೆ ಸೇರಬೇಕಾದರೂ ಉಳಿದ ಐವರಿಗೆ ತನ್ನ ಸೋಂಕಿನ ವಿಷಯ ತಿಳಿಯಲೇಬೇಕು. ಒಬ್ಬರಿಗೆ ಆಸರೆಯಾದ ಏರ್ಪಾಡು ಇನ್ನೊಬ್ಬರಿಗೆ ಬಯಲಿಗೆ ಬೀಳುವ ಭಯ. 2017ರ ನಮ್ಮ ಎಚ್‌ಐವಿ ಕಾಯ್ದೆ ಗೋಪ್ಯತೆಯನ್ನು ಕಾಪಾಡಬೇಕೆನ್ನುತ್ತದೆ, ಸರಿ. ಔಷಧಿ ಎಲ್ಲಿಂದ ಪಡೆಯಬೇಕೆಂಬುದನ್ನು ಅವರವರೇ ಆರಿಸಿಕೊಳ್ಳುವ ಅವಕಾಶ ಇಲ್ಲದಿದ್ದರೆ ಗುಂಪು, ಕ್ಲಬ್, ಲಿಂಕ್ ಕೇಂದ್ರಗಳೆಲ್ಲವೂ ಆಸ್ಪತ್ರೆಯ ಅನುಕೂಲಕ್ಕಾಗಿ ಹುಟ್ಟಿದವು ಎಂದೇ ನಾನು ತಿಳಿಯುತ್ತೇನೆ. ನೀವು ಒಪ್ಪದಿದ್ದರೆ ಆ ವಾದವನ್ನೇ ಬರೆಯಿರಿ.

ತಿದ್ದುವಾಗ ಮೊದಲ ಮೂರು ಪುಟಗಳನ್ನು ಪೂರ್ತಿ ಬಿಡಿ. ಟೆಟೆ, ಖಾಯೆಲಿಟ್ಷಾ ಎರಡರಲ್ಲಿ ಒಂದನ್ನು ಆರಿಸಿ, ಅದರ ಒಳಗಿನ ಕೆಲಸವನ್ನು ತೋರಿಸಿ, ಬಳಿಕ ದೇಶದ ಮಟ್ಟಕ್ಕೆ ಬನ್ನಿ. 1,500 ಪದಗಳನ್ನು ಮೀರದಿರಲಿ. ಚಿಕಿತ್ಸೆ ಪಡೆಯುತ್ತಿರುವವರ ಜೊತೆ ಮಾತನಾಡಿ ಬರೆಯುವುದಾದರೆ, ಅವರ ಒಪ್ಪಿಗೆ ಪಡೆದು, ಊರು, ವೃತ್ತಿ, ಮಕ್ಕಳ ವಿವರಗಳಿಂದ ಗುರುತು ಸಿಗದಂತೆ ನೋಡಿಕೊಂಡ ಮೇಲೆಯೇ ನನಗೆ ಕಳಿಸಿ.

ಇತಿ,
ಸಂಪಾದಕ