4ರ ಕೀ ಮೇಲೆ ₹ ಇದೆ, ಒತ್ತಿದರೆ ಡಾಲರ್ ಬರುತ್ತದೆ!

ಪ್ರಶ್ನೆ: ಮಲ್ಲೇಶ್ವರದ ನಮ್ಮ ಮನೆಯಲ್ಲೇ ಚಕ್ಕುಲಿ, ನಿಪ್ಪಟ್ಟು, ಕೋಡುಬಳೆ ಮಾಡಿ ಮಾರುತ್ತೇನೆ. ದರಪಟ್ಟಿ ಟೈಪ್ ಮಾಡುವುದೂ ನಾನೇ. ಲ್ಯಾಪ್‌ಟಾಪಿನ 4ರ ಕೀ ಮೇಲೆ ₹ ಗುರುತಿದೆ. ಶಿಫ್ಟ್ ಜೊತೆ ಒತ್ತಿದರೆ ಡಾಲರ್ ಬರುತ್ತದೆ. ನೆಂಟರ ಹುಡುಗ ಒಂದು ಫಾಂಟ್ ಹಾಕಿಕೊಟ್ಟ. ಅದರಲ್ಲಿ ಟ್ಯಾಬ್ ಮೇಲಿನ ಕೀ ಒತ್ತಿದರೆ ₹ ಬರುತ್ತದೆ. ಆದರೆ ಜೆರಾಕ್ಸ್ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿದಾಗ ಆ ಜಾಗದಲ್ಲಿ ಬರೀ ಓರೆ ಗೀಟು! ಫೋನಿನಲ್ಲೂ ₹ ಸಿಗುತ್ತಿಲ್ಲ. ಏನು ಮಾಡಲಿ?

ಉತ್ತರ: ತಪ್ಪು ನಿಮ್ಮದೂ ಅಲ್ಲ, ಜೆರಾಕ್ಸ್ ಅಂಗಡಿಯವರದೂ ಅಲ್ಲ. ಆ ಫಾಂಟಿನದು.

ಉದಯ ಕುಮಾರ್ ಅವರು ಬರೆದ ₹ ಗುರುತನ್ನು ಕೇಂದ್ರ ಸರ್ಕಾರ ಒಪ್ಪಿದ್ದು 2010ರ ಜುಲೈ 15ರಂದು. ಆಗ ಯಾವ ಕಂಪ್ಯೂಟರಿಗೂ ಅದರ ಪರಿಚಯವಿರಲಿಲ್ಲ. ಕೆಲವೇ ದಿನಗಳಲ್ಲಿ ಮಂಗಳೂರಿನ ಒಂದು ಕಂಪನಿ ಉಪಾಯ ಮಾಡಿತು. ಟ್ಯಾಬ್ ಮೇಲಿನ ಕೀಯಲ್ಲಿ ಒಂದು ಸಣ್ಣ ಓರೆ ಗೀಟು (`) ಇದೆಯಲ್ಲ, ಅದಕ್ಕೆ ₹ ಚಿತ್ರ ಅಂಟಿಸಿ ಫಾಂಟ್ ಬಿಟ್ಟಿತು. ಆ ಹೊತ್ತಿಗೆ ಅದು ನಿಜಕ್ಕೂ ಉಪಕಾರ. ಆದರೆ ಫೈಲಿನ ಒಳಗೆ ಇರುವುದು ಈಗಲೂ ಓರೆ ಗೀಟೇ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫೈಲನ್ನು ಫಾಂಟ್ ಇಲ್ಲದ ಕಡೆ ತೆರೆದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಅಲ್ವಾ? ಇದೂ ಹಾಗೆಯೇ.

ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ವ್ಯವಸ್ಥೆಯೇ ಯೂನಿಕೋಡ್. ಅದೇ ವರ್ಷದ ಅಕ್ಟೋಬರಿನಲ್ಲಿ ಅದು ₹ಗೂ ಸ್ವಂತ ಸಂಖ್ಯೆ ಕೊಟ್ಟಿತು. ಹಾಗಾಗಿ ಆ ಫಾಂಟನ್ನು ಈಗ ತೆಗೆದುಬಿಡಿ. ನಿಮ್ಮ ಫೈಲಿನ ₹ ಅಸಲಿಯೋ ಅಲ್ಲವೋ ನೋಡಲು ಸುಲಭದ ದಾರಿಯಿದೆ. ಅದನ್ನು ಕಾಪಿ ಮಾಡಿ ವಾಟ್ಸಾಪಿನಲ್ಲಿ ಪೇಸ್ಟ್ ಮಾಡಿ. ₹ ಆಗಿಯೇ ಬಂದರೆ ಅಸಲಿ. ಓರೆ ಗೀಟು ಬಂದರೆ ಹಳೆಯ ಫಾಂಟಿನದು.

ಇನ್ನು ಕೀಬೋರ್ಡ್. ವಿಂಡೋಸ್ ಸೆಟ್ಟಿಂಗ್ಸ್‌ನ ಭಾಷೆಯ ಪುಟದಲ್ಲಿ ‘ಇಂಗ್ಲಿಷ್ (ಇಂಡಿಯಾ)’ ಕೀಬೋರ್ಡ್ ಸೇರಿಸಿ. ನಿಮ್ಮದು ಈಗ ಅಮೆರಿಕದ್ದಿರಬೇಕು, ಅದಕ್ಕೇ ಡಾಲರ್ ಬರುತ್ತಿದೆ. ಬದಲಾಯಿಸಿದ ಮೇಲೂ ಶಿಫ್ಟ್ ಒತ್ತಿದರೆ ಡಾಲರೇ ಬರುತ್ತದೆ! ₹ ಬೇಕಾದರೆ ಬಲಗಡೆಯ ಆಲ್ಟ್ ಹಿಡಿದು 4 ಒತ್ತಬೇಕು. ಬಹಳ ಜನ ಎಡವುವುದು ಇಲ್ಲೇ. ಎಸ್.ಪಿ. ರೋಡಿನಿಂದ ತಂದ ಕೀಬೋರ್ಡಿನ ಮೇಲೆ ₹ ಅಚ್ಚಾಗಿರದಿದ್ದರೂ ಚಿಂತೆಯಿಲ್ಲ, ಕೆಲಸ ಮಾಡುತ್ತದೆ. ಆಲ್ಟ್ ಹಿಡಿದು 8377 ಒತ್ತುವ ಉಪಾಯವನ್ನೂ ಕೆಲವರು ಹೇಳುತ್ತಾರೆ. ಅದು ವರ್ಡ್‌ನಲ್ಲಿ ಸರಿ, ಎಲ್ಲ ಕಡೆ ನಡೆಯುವುದಿಲ್ಲ.

ಫೋನಿನಲ್ಲಿ ಅಂಕಿಗಳ ಪುಟಕ್ಕೆ ಹೋಗಿ. ಅಲ್ಲಿ ಡಾಲರ್ ಕಂಡರೆ ಅದನ್ನೇ ಒತ್ತಿ ಹಿಡಿಯಿರಿ. ಮೇಲೆ ಬರುವ ಸಾಲಿನಲ್ಲಿ ₹ ಇರುತ್ತದೆ. ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಇದೇ.

ಹಳೆಯ ಪಟ್ಟಿಗಳನ್ನು ಮತ್ತೆ ಟೈಪ್ ಮಾಡಬೇಡಿ. ವರ್ಡ್‌ನ ಹುಡುಕಿ ಬದಲಿಸುವ ಸೌಲಭ್ಯದಲ್ಲಿ ಓರೆ ಗೀಟಿನ ಬದಲಿಗೆ ₹ ಕೊಡಿ. ನಂತರ ಎಲ್ಲವನ್ನೂ ಸೆಲೆಕ್ಟ್ ಮಾಡಿ ನಿರ್ಮಲಾ ಯುಐ ಫಾಂಟಿಗೆ ತನ್ನಿ. ಅದರಲ್ಲಿ ಕನ್ನಡವೂ ಇದೆ, ₹ ಕೂಡ ಇದೆ. ಇದು ಯೂನಿಕೋಡ್ ಕನ್ನಡಕ್ಕೆ ಮಾತ್ರ, ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದಕ್ಕಲ್ಲ. ಜೆರಾಕ್ಸ್ ಅಂಗಡಿಗೆ ವರ್ಡ್ ಫೈಲ್ ಬದಲು ಪಿಡಿಎಫ್ ಕೊಡಿ. ಫಾಂಟ್ ಅದರೊಳಗೇ ಹೋಗುತ್ತದೆ.

ಲೆಕ್ಕ ಎಕ್ಸೆಲ್‌ನಲ್ಲಿದ್ದರೆ ಪ್ರತಿ ಅಂಕಿಯ ಮುಂದೆ ₹ ಟೈಪ್ ಮಾಡುವ ಅಭ್ಯಾಸ ಬೇಡ. ಎಷ್ಟೋ ಸಲ ಎಕ್ಸೆಲ್ ಅದನ್ನು ಬರಹ ಎಂದುಕೊಳ್ಳುತ್ತದೆ, ಕೂಡುವಾಗ ಬಿಟ್ಟುಬಿಡುತ್ತದೆ. ಬರೀ 240 ಎಂದು ಹಾಕಿ, ಆಮೇಲೆ ಫಾರ್ಮ್ಯಾಟ್ ಸೆಲ್ಸ್‌ನಲ್ಲಿ ಕರೆನ್ಸಿ ಆರಿಸಿ. ಹಣದ ವಿಷಯ, ಇದರಲ್ಲಿ ಸ್ವಲ್ಪ ಜಾಸ್ತಿ ಎಚ್ಚರ ಇರಲಿ.

ಗಿರಾಕಿಗಳಿಗೆ ಎಸ್ಸೆಮ್ಮೆಸ್ ಕಳಿಸುತ್ತೀರಾದರೆ ಇನ್ನೊಂದು ಮಾತು. ಇಂಗ್ಲಿಷ್ ಮೆಸೇಜಿನಲ್ಲಿ 160 ಅಕ್ಷರ ಹಿಡಿಯುತ್ತದೆ. ಒಂದೇ ಒಂದು ₹ ಸೇರಿದರೂ ಮಿತಿ 70ಕ್ಕೆ ಇಳಿಯುತ್ತದೆ, ಸುಮ್ನೆ ಎರಡು ಮೆಸೇಜಿನ ದುಡ್ಡು ಹೋಗುತ್ತದೆ. ಅಲ್ಲಿ ಇಂಗ್ಲಿಷಿನ ‘ಆರ್‌ಎಸ್’ ಸಾಕು. ಕನ್ನಡದಲ್ಲಿ ಕಳಿಸಿದರೆ ಮಿತಿ ಹೇಗೂ 70, ಧಾರಾಳವಾಗಿ ₹ ಹಾಕಿ.